ಗೂಡು ಒಂದು, ಒಡೆಯರು ಮೂವರು: ಪಿಕಲ್ಯೋವೊ ಎಂಬ ಊರಿನ ಕಥೆ

ಅಲ್ಯುಮಿನಿಯಂ ಬೇಕಾದರೆ ಬಾಕ್ಸೈಟ್ ಅದಿರು ಬೇಕು. ಶಾಲೆಯಲ್ಲಿ ನಾವೆಲ್ಲ ಓದಿದ್ದು ಇದನ್ನೇ ಅಲ್ವಾ? ರಷ್ಯಾದ ಒಂದು ಸಣ್ಣ ಊರು ಮಾತ್ರ ಬೇರೊಂದು ಕಲ್ಲನ್ನು ನಂಬಿ ಬೆಳೆಯಿತು. ಅದರ ಹೆಸರು ಪಿಕಲ್ಯೋವೊ. ಸೇಂಟ್ ಪೀಟರ್ಸ್‌ಬರ್ಗ್‌ನಿಂದ ಪೂರ್ವಕ್ಕೆ ಸುಮಾರು 250 ಕಿಲೋಮೀಟರ್ ದೂರ, ಜನಸಂಖ್ಯೆ 20 ಸಾವಿರದ ಆಸುಪಾಸು. 2009ರಲ್ಲಿ ಇಡೀ ರಷ್ಯಾ ಈ ಊರಿನ ಕಡೆ ತಿರುಗಿ ನೋಡಿತು. ಬಾಕಿ ಉಳಿದ ಸಂಬಳ, ಜನರ ಸಿಟ್ಟು, ಮಾಲೀಕರ ಜಗಳ ಎಲ್ಲ ಸುದ್ದಿಯಾದವು. ಆ ಜಗಳದ ಬೇರು ಇದ್ದದ್ದು ಕಲ್ಲಿನ ರಸಾಯನಶಾಸ್ತ್ರದಲ್ಲಿ. ಅದನ್ನು ತಿಳಿಯದೆ ಈ ಊರಿನ ಕಥೆ ಅರ್ಥವಾಗುವುದಿಲ್ಲ.

ಕಲ್ಲಿನ ಹೆಸರು ನೆಫಲೀನ್. ಉತ್ತರದಲ್ಲಿ, ಆರ್ಕ್‌ಟಿಕ್ ವೃತ್ತದಾಚೆ, ಕೋಲಾ ಪರ್ಯಾಯ ದ್ವೀಪದ ಖಿಬಿನಿ ಬೆಟ್ಟಗಳಲ್ಲಿ ಅದು ರಾಶಿ ರಾಶಿ ಸಿಗುತ್ತದೆ. 1920ರ ದಶಕದಲ್ಲಿ ಭೂವಿಜ್ಞಾನಿ ಅಲೆಕ್ಸಾಂಡರ್ ಫರ್ಸ್ಮನ್ ಮತ್ತು ಅವರ ತಂಡ ಈ ಬೆಟ್ಟಗಳಲ್ಲಿ ಅಪಟೈಟ್ ಖನಿಜದ ದೊಡ್ಡ ನಿಕ್ಷೇಪಗಳನ್ನು ಪತ್ತೆ ಮಾಡಿತು. ಅಪಟೈಟ್‌ನಿಂದ ಫಾಸ್ಫೇಟ್ ಗೊಬ್ಬರ ಮಾಡಬಹುದು. ಹಾಗಾಗಿ ಗಣಿಗಳು ಶುರುವಾದವು, ಅವುಗಳ ಸುತ್ತ ಊರುಗಳೂ ಹುಟ್ಟಿದವು. ಅಪಟೈಟ್ ತೆಗೆದ ಮೇಲೆ ಉಳಿಯುವುದರಲ್ಲಿ ಬಹುಪಾಲು ನೆಫಲೀನ್. ಒಂದು ಕಲ್ಲನ್ನು ಅಗೆದ ಮೇಲೆ ಅದರಲ್ಲಿರುವ ಎಲ್ಲವನ್ನೂ ಬಳಸಬೇಕು ಎನ್ನುವುದು ಫರ್ಸ್ಮನ್ ಜೀವನಪೂರ್ತಿ ಹೇಳಿದ ಮಾತು. ನೆಫಲೀನ್‌ನಲ್ಲಿ ಅಲ್ಯುಮಿನಿಯಂ ಇದೆ, ಸೋಡಿಯಂ ಇದೆ, ಪೊಟ್ಯಾಸಿಯಂ ಇದೆ. ಜೊತೆಗೆ ಸಿಲಿಕಾನ್ ಕೂಡ ಇದೆ. ತೊಂದರೆ ಇರುವುದು ಅಲ್ಲೇ.

ಬಾಕ್ಸೈಟನ್ನು ಕಾಸ್ಟಿಕ್ ಸೋಡಾದಲ್ಲಿ ಕರಗಿಸಿ ಅಲ್ಯುಮಿನಾ (ಅಲ್ಯುಮಿನಿಯಂ ಆಕ್ಸೈಡ್, ಲೋಹ ಮಾಡುವುದು ಇದರಿಂದಲೇ) ತೆಗೆಯುವ ವಿಧಾನ ರಸಾಯನತಜ್ಞ ಕಾರ್ಲ್ ಬೇಯರ್ ಅವರದು. ಅವರು ಅದನ್ನು ಕಂಡುಹಿಡಿದದ್ದು 1880ರ ದಶಕದ ಕೊನೆಯಲ್ಲಿ, ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಕೆಲಸ ಮಾಡುತ್ತಿದ್ದಾಗ. ನೆಫಲೀನ್‌ಗೆ ಈ ವಿಧಾನ ಒಗ್ಗುವುದಿಲ್ಲ. ಸಿಲಿಕಾನ್ ಕೂಡ ಕರಗಿ, ಅಲ್ಯುಮಿನಿಯಂ ಮತ್ತು ಸೋಡಾವನ್ನು ಜೊತೆಗೆ ಎಳೆದುಕೊಂಡು ಮತ್ತೆ ಘನವಾಗಿ ಕೂತುಬಿಡುತ್ತದೆ. ಸೋವಿಯತ್ ರಸಾಯನತಜ್ಞರು ಇದಕ್ಕೆ ಸುಣ್ಣದಕಲ್ಲಿನ ಮೂಲಕ ದಾರಿ ಹುಡುಕಿದರು. ನೆಫಲೀನ್ ಪುಡಿಗೆ ಸುಣ್ಣದಕಲ್ಲು ಬೆರೆಸಿ, ಉದ್ದನೆಯ ತಿರುಗುವ ಗೂಡಿನಲ್ಲಿ ಸುಮಾರು 1,300 ಡಿಗ್ರಿ ಸೆಲ್ಸಿಯಸ್‌ವರೆಗೆ ಸುಡುತ್ತಾರೆ. ಸುಣ್ಣದಲ್ಲಿರುವ ಕ್ಯಾಲ್ಸಿಯಂ ಸಿಲಿಕಾನನ್ನು ಹಿಡಿದಿಟ್ಟುಕೊಳ್ಳುತ್ತದೆ. ಅಲ್ಯುಮಿನಿಯಂ ಭಾಗ ಸೋಡಿಯಂ, ಪೊಟ್ಯಾಸಿಯಂ ಜೊತೆ ಸೇರಿ ನೀರಿನಲ್ಲಿ ಕರಗುವ ರೂಪಕ್ಕೆ ಬರುತ್ತದೆ.

ಮುಂದಿನ ಹಂತ ನನಗೆ ಬಹಳ ಇಷ್ಟ. ಕರಗಿದ ದ್ರಾವಣಕ್ಕೆ ಅದೇ ಗೂಡಿನ ಹೊಗೆಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹಾಯಿಸುತ್ತಾರೆ. ಆಗ ಅಲ್ಯುಮಿನಿಯಂ ಹೈಡ್ರಾಕ್ಸೈಡ್ ತಳಕ್ಕೆ ಇಳಿಯುತ್ತದೆ. ಅದನ್ನು ಸುಟ್ಟರೆ ಅಲ್ಯುಮಿನಾ. ಉಳಿದ ದ್ರಾವಣವನ್ನು ಬತ್ತಿಸಿದರೆ ಗಾಜಿನ ಕಾರ್ಖಾನೆಗಳಿಗೆ ಬೇಕಾದ ಸೋಡಾ ಮತ್ತು ಪೊಟ್ಯಾಷ್ ಸಿಗುತ್ತವೆ. ಕರಗದೆ ಉಳಿದ ಕ್ಯಾಲ್ಸಿಯಂ ಸಿಲಿಕೇಟ್ ಕೆಸರಿಗೆ ಇನ್ನಷ್ಟು ಸುಣ್ಣದಕಲ್ಲು ಸೇರಿಸಿ ಸುಟ್ಟರೆ ಸಿಮೆಂಟ್. ಎಸೆಯಲು ಏನೂ ಉಳಿಯಲ್ಲ ಅನ್ನುವಷ್ಟು ಅಚ್ಚುಕಟ್ಟು.

ಪಿಕಲ್ಯೋವೊಗೆ ಈ ಕೆಲಸ ಬಂದದ್ದು ಅಲ್ಲಿನ ಸುಣ್ಣದಕಲ್ಲಿನ ಕಾರಣಕ್ಕೆ. ಅದನ್ನು ನಂಬಿ 1930ರ ದಶಕದಲ್ಲೇ ಅಲ್ಲಿ ಸಿಮೆಂಟ್ ಕಾರ್ಖಾನೆ ಕಟ್ಟಲು ಶುರು ಮಾಡಿದ್ದರು. 1954ರಲ್ಲಿ ಊರಿಗೆ ಪಟ್ಟಣದ ದರ್ಜೆ ಸಿಕ್ಕಿತು. 1959ರಲ್ಲಿ ಅಲ್ಯುಮಿನಾ ಘಟಕ ಓಡತೊಡಗಿತು. ನೆಫಲೀನ್ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಕೋಲಾದಿಂದ ರೈಲಿನಲ್ಲಿ ಬರುತ್ತಿತ್ತು.

ಈಗ ಪ್ರಮಾಣ ನೋಡಿ. 1 ಟನ್ ಅಲ್ಯುಮಿನಾಕ್ಕೆ ಸುಮಾರು 4 ಟನ್ ನೆಫಲೀನ್ ಬೇಕು. ಅದರ ಜೊತೆಗೇ 9ರಿಂದ 10 ಟನ್ ಸಿಮೆಂಟ್ ಹುಟ್ಟುತ್ತದೆ. ಅಂದರೆ ತೂಕದಲ್ಲಿ ನೋಡಿದರೆ ಇದು ಸಿಮೆಂಟ್ ಊರು. ಸಿಮೆಂಟನ್ನು ಬಹಳ ದೂರ ಸಾಗಿಸಿದರೆ ಸಾಗಣೆ ಖರ್ಚೇ ಲಾಭವನ್ನು ತಿಂದುಬಿಡುತ್ತದೆ. ಹಾಗಾಗಿ ಸುತ್ತಮುತ್ತ ಮನೆ, ಸೇತುವೆ ಕಟ್ಟುವವರು ಇದ್ದರೆ ಮಾತ್ರ ಈ ಲೆಕ್ಕ ಕೂಡಿ ಬರುತ್ತದೆ.

ಇನ್ನೊಂದು ಕಷ್ಟವೂ ಇದೆ. ಮೊಸರು ಕಡೆದಾಗ ಆದ ಖರ್ಚಿನಲ್ಲಿ ಬೆಣ್ಣೆಯ ಪಾಲೆಷ್ಟು, ಮಜ್ಜಿಗೆಯ ಪಾಲೆಷ್ಟು? ಎರಡೂ ಒಬ್ಬರ ಮನೆಯಲ್ಲೇ ಉಳಿದರೆ ಈ ಪ್ರಶ್ನೆ ಏಳುವುದೇ ಇಲ್ಲ. ಸೋವಿಯತ್ ಕಾಲದಲ್ಲಿ ಪಿಕಲ್ಯೋವೊದ ಕಾರ್ಖಾನೆ ಒಂದೇ ಸಂಸ್ಥೆಯಾಗಿತ್ತು. ಒಂದು ಸರಕಿನ ನಷ್ಟವನ್ನು ಇನ್ನೊಂದರ ಲಾಭ ತುಂಬಿಕೊಡಬಹುದಿತ್ತು.

ಸೋವಿಯತ್ ಒಕ್ಕೂಟ ಮುರಿದ ಮೇಲೆ ಎಲ್ಲ ಖಾಸಗಿಯವರ ಕೈಗೆ ಹೋಯಿತು. 2000ದ ದಶಕದ ಮಧ್ಯದ ಹೊತ್ತಿಗೆ ಕಾರ್ಖಾನೆ ಮೂರು ಹೋಳಾಗಿತ್ತು. ಅಲ್ಯುಮಿನಾ ಭಾಗ ಉದ್ಯಮಿ ಒಲೆಗ್ ಡೆರಿಪಾಸ್ಕಾ ಅವರ ಸಮೂಹಕ್ಕೆ, ಸಿಮೆಂಟ್ ಭಾಗ ಯೂರೋಸಿಮೆಂಟ್ ಕಂಪನಿಗೆ, ಸೋಡಾ ಮತ್ತು ಪೊಟ್ಯಾಷ್ ಭಾಗ ಮೆಟಾಖಿಮ್ ಕಂಪನಿಗೆ. ನೆಫಲೀನ್ ಕೊಡುವ ಕೋಲಾದ ಗಣಿ ಫೋಸ್‌ಆಗ್ರೊ ಕಂಪನಿಯದು. ಕಾಗದದ ಮೇಲೆ ಕಾರ್ಖಾನೆ ಒಡೆಯಿತು, ಗೂಡಿನೊಳಗಿನ ರಾಸಾಯನಿಕ ಕ್ರಿಯೆ ಮಾತ್ರ ಒಡೆಯಲಿಲ್ಲ. ಅಲ್ಯುಮಿನಾದವರು ನಿಲ್ಲಿಸಿದರೆ ಸೋಡಾದವರಿಗೆ ದ್ರಾವಣ ಇಲ್ಲ, ಸಿಮೆಂಟಿನವರಿಗೆ ಕೆಸರಿಲ್ಲ. ಸಿಮೆಂಟಿನವರು ನಿಲ್ಲಿಸಿದರೆ ಕೆಸರು ಗುಡ್ಡೆಯಾಗಿ ಬೀಳುತ್ತದೆ.

ಎಲ್ಲಕ್ಕಿಂತ ಜಾಸ್ತಿ ಜಗಳ ನಡೆದದ್ದು ನೆಫಲೀನ್ ಬೆಲೆಯ ಮೇಲೆ. ಮಾರುವವರಿಗೆ ಅದು ಗೊಬ್ಬರದ ಅದಿರಿನ ಜೊತೆ ಬರುವ ಉಪ ಉತ್ಪನ್ನ. ಅಷ್ಟು ದೊಡ್ಡ ಪ್ರಮಾಣದಲ್ಲಿ ಕೊಳ್ಳುವ ಬೇರೆ ಗಿರಾಕಿ ಇಲ್ಲ. ಪಿಕಲ್ಯೋವೊಗೂ ಬೇರೆ ಕಡೆಯಿಂದ ತರಿಸುವ ದಾರಿ ಇಲ್ಲ. ಮಾರುವವರೂ ಒಬ್ಬರೇ, ಕೊಳ್ಳುವವರೂ ಒಬ್ಬರೇ ಆದಾಗ ಸರಿಯಾದ ಬೆಲೆ ಯಾವುದೆಂದು ಯಾವ ಮಾರುಕಟ್ಟೆಯೂ ಹೇಳಲಾರದು. ಯಾರ ಪಟ್ಟು ಗಟ್ಟಿಯೋ ಅವರದೇ ಬೆಲೆ.

2008ರ ಆರ್ಥಿಕ ಬಿಕ್ಕಟ್ಟು ಕಟ್ಟಡ ಕೆಲಸಕ್ಕೂ ಅಲ್ಯುಮಿನಿಯಂ ಬೆಲೆಗೂ ಒಟ್ಟಿಗೆ ಪೆಟ್ಟು ಕೊಟ್ಟಿತು. ಘಟಕಗಳು ಒಂದೊಂದಾಗಿ ನಿಂತವು. ಸಾವಿರಾರು ಜನ ಕೆಲಸ ಕಳೆದುಕೊಂಡರು. ಮನೆಗಳಿಗೆ ಬಿಸಿನೀರು ಬರುತ್ತಿದ್ದದ್ದೂ ಕಾರ್ಖಾನೆಯ ಉಷ್ಣ ವಿದ್ಯುತ್ ಸ್ಥಾವರದಿಂದಲೇ. ಗ್ಯಾಸ್ ಬಾಕಿ ತೀರಿಸದ ಕಾರಣ 2009ರ ಮೇ ತಿಂಗಳಲ್ಲಿ ಅದೂ ನಿಂತಿತು. ಸಂಬಳವೂ ಇಲ್ಲ, ಮಕ್ಕಳಿಗೆ ಸ್ನಾನ ಮಾಡಿಸಲು ಬಿಸಿನೀರೂ ಇಲ್ಲ. ಜನ ಮೇ 20ರಂದು ಊರಿನ ಆಡಳಿತ ಕಚೇರಿಗೆ ನುಗ್ಗಿದರು. ಜೂನ್ 2ರಂದು ವೊಲೊಗ್ಡಾ ಕಡೆ ಹೋಗುವ ಹೆದ್ದಾರಿಯನ್ನು ತಡೆದರು. ಅವರ ಸ್ಥಿತಿಯಲ್ಲಿ ಬೇರೆ ಯಾರೇ ಇದ್ದರೂ ಹಾಗೆಯೇ ಮಾಡುತ್ತಿದ್ದರು.

ಜೂನ್ 4ರಂದು ಆಗಿನ ಪ್ರಧಾನಿ ವ್ಲಾದಿಮಿರ್ ಪುಟಿನ್ ಬಂದು ಮಾಲೀಕರನ್ನು ಟಿವಿ ಕ್ಯಾಮೆರಾ ಮುಂದೆಯೇ ಗದರಿಸಿದರು. ಬಾಕಿ ಇದ್ದ 4 ಕೋಟಿ ರೂಬಲ್‌ಗೂ ಹೆಚ್ಚು ಸಂಬಳವನ್ನು ಕೂಡಲೇ ಕೊಡಿ ಎಂದರು. ನೆಫಲೀನ್ ಪೂರೈಕೆ ಒಪ್ಪಂದಕ್ಕೆ ಡೆರಿಪಾಸ್ಕಾ ಕೈಯಲ್ಲಿ ಸಹಿ ಹಾಕಿಸಿ, ಪೆನ್ನು ವಾಪಸ್ ಕೊಡಿ ಎಂದು ಕೇಳಿದ ದೃಶ್ಯವನ್ನು ರಷ್ಯನ್ನರು ಇಂದಿಗೂ ನೆನೆಸಿಕೊಳ್ಳುತ್ತಾರೆ. ಘಟಕಗಳು ಮತ್ತೆ ಓಡಿದವು. ಆದರೆ ಮಾಲೀಕತ್ವದ ಹೋಳುಗಳು ಹಾಗೇ ಉಳಿದವು. ನನ್ನ ಪ್ರಕಾರ ಅಂದು ತೀರ್ಮಾನವಾಗಬೇಕಿದ್ದದ್ದು ಅದೇ.

ಸೈಬೀರಿಯಾದ ಅಚಿನ್ಸ್ಕ್‌ನಲ್ಲಿ 1970ರಿಂದ ಇದೇ ವಿಧಾನದಲ್ಲಿ ಅಲ್ಯುಮಿನಾ ತಯಾರಾಗುತ್ತಿದೆ. ಅಲ್ಲಿನ ಕಿಯಾ-ಶಾಲ್ತಿರ್ ಗಣಿಯ ಕಲ್ಲಿನಲ್ಲಿ ನೆಫಲೀನ್ ಎಷ್ಟು ಹೆಚ್ಚಿದೆ ಅಂದರೆ ಅದನ್ನು ನೇರವಾಗಿ ಗೂಡಿಗೆ ಹಾಕಬಹುದು. ಗಣಿ ಮತ್ತು ಕಾರ್ಖಾನೆ ಎರಡೂ ಒಂದೇ ಕಂಪನಿಯ ಕೈಯಲ್ಲಿವೆ. ಕಲ್ಲಿನ ಬೆಲೆ ಅಲ್ಲಿ ಕಂಪನಿಯ ಒಳಗಿನ ಲೆಕ್ಕ, ಅದಕ್ಕಾಗಿ ಗೂಡು ಆರಿಸಬೇಕಾಗಿಲ್ಲ.