ಸೋಫಾ ಬಣ್ಣ ಕಣ್ಣಿಗೆ ರಾಚುತ್ತಿದೆ, ಹಾಲ್ ಹೇಗೆ ಹೊಂದಿಸೋದು?

ಓದುಗರ ಪ್ರಶ್ನೆ: ಹೋದ ತಿಂಗಳು ನವಿಲು ನೀಲಿ ಬಣ್ಣದ ಸೋಫಾ ತಂದೆವು. ಅಂಗಡಿಯಲ್ಲಿ ನೋಡಿದಾಗ ಮನೆಮಂದಿಗೆಲ್ಲ ತುಂಬಾ ಹಿಡಿಸಿತ್ತು. ಈಗ ಹಾಲ್‌ಗೆ ಕಾಲಿಟ್ಟರೆ ಅದೊಂದೇ ಕಣ್ಣಿಗೆ ರಾಚುತ್ತದೆ, ಬೇರೇನೂ ಕಾಣೋದೇ ಇಲ್ಲ. ಗೋಡೆ ತಿಳಿ ಕೆನೆ ಬಣ್ಣದ್ದು. ಅದಕ್ಕೆ ಬೇರೆ ಬಣ್ಣ ಹೊಡೆಸಬೇಕಾ? ದಿಂಬು, ಕರ್ಟನ್ ಯಾವ ಬಣ್ಣದ್ದು ತರಬೇಕು?

ಉತ್ತರ: ಸೋಫಾ ವಾಪಸ್ ಕೊಡುವ ಯೋಚನೆ ಬಂದಿದ್ದರೆ ಬಿಟ್ಟುಬಿಡಿ. ಗೋಡೆಗೆ ಪೇಂಟ್ ಹೊಡೆಸುವುದೂ ಈಗಲೇ ಬೇಡ. ಈ ಪ್ರಶ್ನೆಯನ್ನು ಬೇರೆ ಬೇರೆ ಬಣ್ಣದ ಸೋಫಾ ಇಟ್ಟುಕೊಂಡು ತುಂಬಾ ಜನ ಕೇಳುತ್ತಾರೆ. ಒಬ್ಬರದು ಕಡು ಹಸಿರು, ಇನ್ನೊಬ್ಬರದು ಸಾಸಿವೆ ಹಳದಿ, ಮತ್ತೊಬ್ಬರದು ಕುಂಕುಮ ಕೆಂಪು. ಹೆಚ್ಚಿನ ಸಲ ತೊಂದರೆ ಒಂದೇ: ಸೋಫಾ ಒಂಟಿಯಾಗಿದೆ. ಅದರ ಬಣ್ಣದ ನೆಂಟರು ಕೋಣೆಯಲ್ಲಿ ಬೇರೆಲ್ಲೂ ಇಲ್ಲ. ಹಾಗಾಗಿ ಕಣ್ಣು ಅಲ್ಲಿಗೆ ಹೋಗುತ್ತದೆ, ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಆ ಬಣ್ಣಕ್ಕೆ ಎರಡು ಮೂರು ಕಡೆ ನಂಟು ಕಲ್ಪಿಸಿ ನೋಡಿ, ಅದೇ ಸೋಫಾ ಅದೇ ಜಾಗದಲ್ಲಿ ಎಷ್ಟು ತಣ್ಣಗೆ ಕೂರುತ್ತದೆ ಅಂತ ನಿಮಗೇ ಗೊತ್ತಾಗುತ್ತದೆ.

ಮೊದಲು ಬೆಳಕಿನ ವಿಷಯ. ಅಂಗಡಿಯಲ್ಲಿ ಚೆನ್ನಾಗಿ ಕಂಡದ್ದು ಮನೆಯಲ್ಲಿ ಯಾಕೆ ಹೀಗೆ ಅಂತ ಬೇಸರ ಆಗೋದು ಸಹಜ. ಅಂಗಡಿಯಲ್ಲಿ ಜಾಗ ದೊಡ್ಡದು, ಮೇಲೆ ಹತ್ತಾರು ದೀಪ, ಅಕ್ಕಪಕ್ಕದಲ್ಲಿ ಇನ್ನೂ ಹತ್ತು ಬಣ್ಣದ ಸೋಫಾಗಳು. ಮನೆಯಲ್ಲಿ ಅದರ ಹಿಂದೆ ಒಂದು ಖಾಲಿ ಗೋಡೆ, ಮೇಲೆ ಒಂದೋ ಎರಡೋ ಬಲ್ಬು. ಆ ಬಲ್ಬಿನ ಡಬ್ಬಿ ಇನ್ನೂ ಇದ್ದರೆ ತೆಗೆದು ನೋಡಿ, ಅದರ ಮೇಲೆ ಕೆಲ್ವಿನ್ ಲೆಕ್ಕ ಇರುತ್ತದೆ. 2700 ಅಥವಾ 3000 ಅಂತಿದ್ದರೆ ಬೆಳಕು ಹಳದಿ ಕಡೆಗೆ, 6500 ಅಂತಿದ್ದರೆ ನೀಲಿ ಬೆರೆತ ಬಿಳಿ. ನಿಮ್ಮ ನವಿಲು ನೀಲಿಯ ಮೇಲೆ 6500ರ ಬೆಳಕು ಬಿದ್ದರೆ ನೀಲಿ ಇನ್ನಷ್ಟು ಚುರುಕಾಗುತ್ತದೆ, ಸುತ್ತಲಿನದೆಲ್ಲ ತಣ್ಣಗೆ ಕಾಣುತ್ತದೆ. 3000ದ ಹತ್ತಿರದ ಬಲ್ಬು ಹಾಕಿದರೆ ಅದೇ ನೀಲಿ ಸ್ವಲ್ಪ ಮೆತ್ತಗಾಗಿ ಹಸಿರಿನ ಕಡೆ ವಾಲುತ್ತದೆ. ಡಬ್ಬಿಯ ಮೇಲೆ ಸಿಆರ್‌ಐ ಅಂತ ಇನ್ನೊಂದು ಅಂಕಿ ಇರುತ್ತದೆ, ಬಣ್ಣಗಳನ್ನು ಆ ಬೆಳಕು ಎಷ್ಟು ನಿಜವಾಗಿ ತೋರಿಸುತ್ತದೆ ಅನ್ನುವುದರ ಅಳತೆ ಅದು. 100ಕ್ಕೆ ಹತ್ತಿರ ಇದ್ದಷ್ಟೂ ಒಳ್ಳೆಯದು, 90ರ ಮೇಲಿದ್ದರೆ ಕಣ್ಣು ಮುಚ್ಚಿ ತನ್ನಿ. ಬಣ್ಣದ ಸೋಫಾ ಇರುವ ಮನೆಯಲ್ಲಿ ನಾನು ಮೊದಲು ಬದಲಾಯಿಸಲು ಹೇಳೋದು ಬಲ್ಬನ್ನೇ. ಇದಕ್ಕಿಂತ ಸುಲಭದ ಕೆಲಸ ಇನ್ನೊಂದಿಲ್ಲ.

ಒಂದು ದಿನ ಬಿಡುವು ಮಾಡಿಕೊಂಡು ಬೆಳಿಗ್ಗೆ, ಮಧ್ಯಾಹ್ನ, ದೀಪ ಹಚ್ಚಿದ ಮೇಲೆ, ಮೂರು ಸಲ ಸೋಫಾ ಎದುರು ಕೂತು ನೋಡಿ. ಮುಸ್ಸಂಜೆಯಲ್ಲಿ ದೀಪ ಹಾಕುವ ಮುಂಚೆ ನೋಡಿದರೆ ಇನ್ನೊಂದು ಸಂಗತಿ ಕಾಣುತ್ತದೆ. ಬೆಳಕು ಕಮ್ಮಿಯಾದಂತೆ ಕೆಂಪು ಬೇಗ ಕಪ್ಪಾಗುತ್ತದೆ, ನೀಲಿ ಹಸಿರು ಇನ್ನೂ ಹೊತ್ತು ಎದ್ದು ಕಾಣುತ್ತವೆ. ಇದನ್ನು ಗುರುತಿಸಿದವರು 19ನೇ ಶತಮಾನದ ಜೆಕ್ ವಿಜ್ಞಾನಿ ಪುರ್ಕಿನ್ಯೆ, ಹಾಗಾಗಿ ಇದಕ್ಕೆ ಅವರದೇ ಹೆಸರು. ಕೆಂಪು ಸೋಫಾ ಇರುವವರು ಮೂಲೆಯಲ್ಲಿ ಒಂದು ಟೇಬಲ್ ಲ್ಯಾಂಪ್ ಇಡಲೇಬೇಕು ಅನ್ನುವುದು ಇದಕ್ಕೇ. ನಿಮ್ಮದು ನೀಲಿ, ನಿಮಗೆ ಆ ಚಿಂತೆ ಇಲ್ಲ.

ಈಗ ಗೋಡೆಗೆ ಬರೋಣ. ಇಲ್ಲಿ ನನ್ನ ಮನೆಯದೇ ಒಂದು ವಿಷಯ ಹೇಳಬೇಕು. ನಮ್ಮ ಸೋಫಾ ಇಟ್ಟಿಗೆ ಕೆಂಪು, ಗೋಡೆ ತಿಳಿ ಬೂದು. ಸೋಫಾ ಬಂದ ವಾರದಲ್ಲೇ ಅದರ ಹಿಂದಿನ ಗೋಡೆ ಸ್ವಲ್ಪ ಹಸಿರಾಗಿದೆ ಅನ್ನಿಸತೊಡಗಿತು. ತೇವ ಹಿಡಿದಿರಬೇಕು ಅಂದುಕೊಂಡು ಕೈಯಿಟ್ಟು ನೋಡಿದೆ, ಗೋಡೆ ಒಣಗಿಯೇ ಇತ್ತು. ಕೊನೆಗೆ ಒಗೆದಿಟ್ಟ ಬಿಳಿ ಬೆಡ್‌ಶೀಟೊಂದನ್ನು ಸೋಫಾ ಮೇಲೆ ಪೂರ್ತಿ ಹೊದಿಸಿ ದೂರ ನಿಂತೆ. ಹಸಿರು ಹೋಗಿತ್ತು! ಶೀಟ್ ಎಳೆದ ಕೂಡಲೇ ಮತ್ತೆ ಬಂತು. ಗೋಡೆ ಬದಲಾಗಿರಲಿಲ್ಲ, ಪಕ್ಕದ ಕೆಂಪು ನನ್ನ ಕಣ್ಣನ್ನು ಎಳೆಯುತ್ತಿತ್ತು.

ಇದರ ಹಿಂದೆ ಒಂದು ಒಳ್ಳೆಯ ಕಥೆ ಇದೆ. ಮಿಶೆಲ್ ಯೂಜೀನ್ ಶೆವ್ರೆಲ್ ಅನ್ನುವ ಫ್ರೆಂಚ್ ರಸಾಯನಶಾಸ್ತ್ರಜ್ಞ 1824ರಲ್ಲಿ ಪ್ಯಾರಿಸ್‌ನ ಗೋಬೆಲಿನ್ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣ ಹಾಕುವ ವಿಭಾಗದ ಮುಖ್ಯಸ್ಥರಾದರು. ಅಲ್ಲಿ ಬರುತ್ತಿದ್ದ ದೂರುಗಳಲ್ಲಿ ಒಂದು, ಕಪ್ಪು ದಾರದಲ್ಲಿ ಗಟ್ಟಿ ಕಪ್ಪು ಇಲ್ಲ ಅನ್ನುವುದು. ಅವರು ದಾರಗಳನ್ನು ಪರೀಕ್ಷೆ ಮಾಡಿದರು, ಬಣ್ಣದಲ್ಲಿ ಏನೂ ತಪ್ಪಿರಲಿಲ್ಲ. ಆ ಕಪ್ಪನ್ನು ನೀಲಿ, ನೇರಳೆ ದಾರಗಳ ಪಕ್ಕ ನೇಯ್ದಿದ್ದರು, ಅದಕ್ಕೇ ಅದು ಪೇಲವವಾಗಿ ಕಾಣುತ್ತಿತ್ತು. ಒಂದು ಬಣ್ಣ ತನ್ನ ಪಕ್ಕದ್ದನ್ನು ತನ್ನ ವಿರುದ್ಧ ಬಣ್ಣದ ಕಡೆ ತಳ್ಳುತ್ತದೆ ಅಂತ ವಿವರಿಸಿ 1839ರಲ್ಲಿ ಅವರು ಪುಸ್ತಕವನ್ನೇ ಬರೆದರು. ಕೆಂಪು ತನ್ನ ಪಕ್ಕದ ಬೂದಿಗೆ ಹಸಿರು ಬೆರೆಸಿದಂತೆ ತೋರಿಸುತ್ತದೆ. ನೀಲಿ ತನ್ನ ಪಕ್ಕದ್ದಕ್ಕೆ ಕಿತ್ತಳೆ ಬೆರೆಸಿದಂತೆ ತೋರಿಸುತ್ತದೆ.

ನಿಮ್ಮ ಗೋಡೆ ಕೆನೆ ಬಣ್ಣದ್ದು ಅಂದಿರಿ. ಕೆನೆಯಲ್ಲಿ ಮೊದಲೇ ಹಳದಿ ಇದೆ, ಜೊತೆಗೆ ನೀಲಿ ಸೋಫಾ ಅದನ್ನು ಇನ್ನಷ್ಟು ಹಳದಿ-ಕಿತ್ತಳೆಯ ಕಡೆ ತಳ್ಳುತ್ತಿದೆ. ಗೋಡೆ ನೀಲಿಯನ್ನು ಎತ್ತಿ ತೋರಿಸುತ್ತದೆ, ನೀಲಿ ಗೋಡೆಯನ್ನು ಎತ್ತಿ ತೋರಿಸುತ್ತದೆ, ನಡುವೆ ಸಮಾಧಾನ ಮಾಡುವವರು ಯಾರೂ ಇಲ್ಲ. ಬೆಡ್‌ಶೀಟ್ ಪರೀಕ್ಷೆ ನೀವೂ ಮಾಡಿ ನೋಡಿ. ಶೀಟ್ ಹೊದಿಸಿದಾಗ ಕೋಣೆಯಲ್ಲಿ ಉಳಿದಿರುವ ಬಣ್ಣಗಳು ಯಾವುವು ಅಂತ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ನೆಲ, ಬಾಗಿಲ ಮರ, ಟೀಪಾಯಿ, ಟಿವಿಯ ಕಪ್ಪು, ಎಲ್ಲಾ ಬರೀರಿ. ನೆಲವನ್ನು ತುಂಬಾ ಜನ ಮರೆತೇಬಿಡುತ್ತಾರೆ, ಕೋಣೆಯಲ್ಲಿ ಅದರಷ್ಟು ದೊಡ್ಡ ಬಣ್ಣದ ತುಂಡು ಇನ್ನೊಂದು ಇರೋದೇ ಕಷ್ಟ.

ಆ ಚೀಟಿಯಲ್ಲಿ ಮರ ಅಂತ ಇದ್ದರೆ ನಿಮ್ಮ ಅರ್ಧ ಕೆಲಸ ಮುಗಿಯಿತು. ಬಣ್ಣದ ಚಕ್ರದಲ್ಲಿ ನೀಲಿಯ ಎದುರು ಇರೋದು ಕಿತ್ತಳೆ. ಜೇನು ಬಣ್ಣದ ಮರ, ಕಂದು ಚರ್ಮ, ಬೆತ್ತ, ಸುಟ್ಟ ಮಣ್ಣು, ಇವೆಲ್ಲ ಮೂಲದಲ್ಲಿ ಜೋರು ಕಮ್ಮಿ ಮಾಡಿಕೊಂಡ ಕಿತ್ತಳೆಗಳೇ. ನೀಲಿ ಸೋಫಾ ಪಕ್ಕ ಮರದ ಟೀಪಾಯಿ ಚೆನ್ನಾಗಿ ಕಾಣೋದರ ಗುಟ್ಟು ಇದು. ಎದುರು ಬಣ್ಣ ಬೇಕು ಅಂತ ಯಾರೋ ಹೇಳಿದ್ದು ಕೇಳಿ ಬೆಂಕಿಯಂಥ ಕಿತ್ತಳೆ ದಿಂಬು ನಾಲ್ಕು ತಂದು ಸಾಲಾಗಿ ಇಟ್ಟರೆ ಮಾತ್ರ ಕೆಟ್ಟುಹೋಗುತ್ತದೆ, ಯಾಕೆಂದರೆ ಎರಡು ಎದುರು ಬಣ್ಣಗಳು ಎರಡೂ ಪೂರ್ತಿ ಜೋರಿನಲ್ಲಿದ್ದರೆ ಅವು ಸೇರುವ ಅಂಚು ನಡುಗಿದಂತೆ ಕಾಣುತ್ತದೆ, ಹೆಚ್ಚು ಹೊತ್ತು ನೋಡಿದರೆ ಕಣ್ಣು ಸೋಲುತ್ತದೆ. ಒಂದು ಜೋರಿದ್ದರೆ ಇನ್ನೊಂದು ಮೆತ್ತಗಿರಲಿ. ಹಸಿರು ಸೋಫಾಗೆ ಎದುರು ಕೆಂಪು, ಅದನ್ನು ಮಾಸಲು ಗುಲಾಬಿಯಾಗಿ ತನ್ನಿ. ಹಳದಿಗೆ ಎದುರು ನೇರಳೆ, ಬೂದಿ ಬೆರೆತ ಬದನೆ ಬಣ್ಣ ಸಾಕು. ಕೆಂಪು ಸೋಫಾದವರು ಪುಣ್ಯವಂತರು, ಅವರಿಗೆ ಬೇಕಾದ ಹಸಿರು ಕುಂಡದ ಗಿಡದಲ್ಲೇ ಸಿಗುತ್ತದೆ.

ಇನ್ನು ನಾನು ಮೊದಲು ಹೇಳಿದ ನಂಟಿನ ವಿಷಯ. ಸೋಫಾದ್ದೇ ನೀಲಿಯನ್ನು ಹುಡುಕಿ ಹುಡುಕಿ ಅದೇ ಬಣ್ಣದ ದಿಂಬು, ಅದೇ ಬಣ್ಣದ ಕರ್ಟನ್, ಅದೇ ಬಣ್ಣದ ಹೂದಾನಿ ತರಬೇಡಿ. ಅದು ಸಮವಸ್ತ್ರ ಹಾಕಿದಂತಾಗುತ್ತದೆ. ಜೊತೆಗೆ ಬೇರೆ ಬೇರೆ ಬಟ್ಟೆಗೆ ಹಾಕಿದ ಒಂದೇ ಬಣ್ಣ ಹಗಲಲ್ಲಿ ಒಂದೇ ಕಂಡು ರಾತ್ರಿ ದೀಪದಲ್ಲಿ ಬೇರೆಯಾಗಿ ಕಾಣುವುದೂ ಉಂಟು. ಒಂದೇ ಮನೆತನದ ಬೇರೆ ಬೇರೆ ಮುಖಗಳಿರಲಿ: ಒಂದು ತಿಳಿ, ಒಂದು ಕಡು, ಒಂದು ಮಾಸಿದ್ದು. ಅವು ಬೇರೆ ಬೇರೆ ಎತ್ತರದಲ್ಲಿರಲಿ, ಸೋಫಾದ ಎದುರು ದಿಕ್ಕಿನಲ್ಲೂ ಒಂದಿರಲಿ.

ನಾನು ಕಂಡ ಒಂದು ಹಾಲ್‌ನಲ್ಲಿ ನಿಮ್ಮ ಸೋಫಾದಂಥದ್ದೇ ನೀಲಿ ಇತ್ತು. ಎದುರು ಗೋಡೆಯಲ್ಲಿ ದೋಣಿಯ ಒಂದು ಚಿತ್ರ. ಚಿತ್ರದ ತುಂಬ ಮರಳು, ಮಂಜು, ಬೂದಿ ಆಕಾಶ. ನೀಲಿ ಅಂತ ಇದ್ದದ್ದು ದೋಣಿಯ ಅಂಚಿಗೆ ಬಳಿದ ಒಂದು ಬೆರಳಗಲದ ಗೆರೆ, ಅದೂ ಅಲ್ಲಲ್ಲಿ ಸವೆದು ಬಿಳಿಚಿಕೊಂಡದ್ದು. ಅಷ್ಟೇ. ಆದರೆ ಒಳಗೆ ಬಂದವರ ಕಣ್ಣು ಸೋಫಾದಿಂದ ಆ ಗೆರೆಗೆ ಹೋಗುತ್ತಿತ್ತು, ಅಲ್ಲಿಂದ ಕಪಾಟಿನಲ್ಲಿದ್ದ ಕಡು ನೀಲಿ ರಟ್ಟಿನ ಎರಡು ಹಳೇ ಪುಸ್ತಕಗಳಿಗೆ, ಮತ್ತೆ ವಾಪಸ್ ಸೋಫಾಗೆ. ಮೂರೇ ಜಾಗ, ಕೋಣೆ ಪೂರ್ತಿ ಹೊಂದಿಕೊಂಡಿತ್ತು.

ದಿಂಬು ಮೂರು ಸಾಕು. ಒಂದು ವಿನ್ಯಾಸದ್ದು, ಅದರಲ್ಲಿ ಸೋಫಾದ ನೀಲಿ ಸ್ವಲ್ಪ, ಗೋಡೆಯ ಕೆನೆ ಸ್ವಲ್ಪ, ಮರದ ಕಂದು ಸ್ವಲ್ಪ ಇರಬೇಕು. ಅಂಥದ್ದು ಸಿಗುವ ತನಕ ಕಾಯಿರಿ, ಯಾಕೆಂದರೆ ಸೋಫಾವನ್ನೂ ಗೋಡೆಯನ್ನೂ ಪರಿಚಯ ಮಾಡಿಸೋದು ಅದೇ. ಉಳಿದ ಎರಡು ಸಾದಾ ಇರಲಿ, ಕಂದು ಒಂದು, ಕೆನೆ ಒಂದು. ಸೋಫಾ ವೆಲ್ವೆಟ್ ಆಗಿದ್ದರೆ ದಿಂಬಿನ ಬಟ್ಟೆ ಹೊಳಪಿಲ್ಲದ್ದು ತನ್ನಿ, ಒರಟು ಹತ್ತಿ ಅಥವಾ ಲಿನನ್. ವೆಲ್ವೆಟ್‌ನ ನೂಲು ಕೈಯಾಡಿಸಿದ ದಿಕ್ಕಿಗೆ ಮಲಗಿ ಒಂದು ಕಡೆ ತಿಳಿ, ಒಂದು ಕಡೆ ಕಡು ಕಾಣುತ್ತದೆ, ಅಷ್ಟು ಆಟ ಸೋಫಾ ಒಂದೇ ಆಡಲಿ.

ರಗ್ ಹಾಕುವುದಾದರೆ ಸೋಫಾಗಿಂತ ಎರಡೂ ಕಡೆ ಆರೆಂಟು ಇಂಚು ಅಗಲ ಇರಬೇಕು, ಸೋಫಾದ ಮುಂದಿನ ಕಾಲುಗಳಾದರೂ ಅದರ ಮೇಲೆ ನಿಲ್ಲಬೇಕು. ಸಣ್ಣ ರಗ್ ಹಾಕಿದರೆ ಸೋಫಾ ಇನ್ನೂ ದೊಡ್ಡದಾಗಿ ಕಾಣುತ್ತದೆ. ಟೀಪಾಯಿ 16ರಿಂದ 18 ಇಂಚು ದೂರ. ಸೋಫಾದ ಮೇಲಿನ ಚಿತ್ರ ಅದರ ಅಗಲದ ಮೂರರಲ್ಲಿ ಎರಡು ಪಾಲು ಇದ್ದರೆ ಚೆನ್ನ, ಚಿತ್ರದ ಕೆಳಗಿನ ಅಂಚು ಸೋಫಾದ ಬೆನ್ನಿಂದ ಆರೆಂಟು ಇಂಚು ಮೇಲಿರಲಿ. ತುಂಬಾ ಮೇಲೆ ನೇತುಹಾಕಿದರೆ ಎರಡಕ್ಕೂ ಸಂಬಂಧವೇ ಇರಲ್ಲ. ಕರ್ಟನ್ ಗೋಡೆಯ ಬಣ್ಣಕ್ಕೆ ಹತ್ತಿರದ್ದೇ ಇರಲಿ, ಅಲ್ಲಿ ಹೊಸ ಬಣ್ಣ ತಂದು ಇನ್ನೊಂದು ಪೈಪೋಟಿ ಬೇಡ. 60-30-10 ಅನ್ನುವ ಲೆಕ್ಕ ನೀವು ಕೇಳಿರಬಹುದು, ಅಂದರೆ ಮುಖ್ಯ ಬಣ್ಣ 60, ಎರಡನೇದು 30, ಮೂರನೇದು 10 ಪಾಲು. ಅಂದಾಜಿಗೆ ಒಳ್ಳೆಯದೇ, ನಿಮ್ಮ ಸೋಫಾ ಆ 30ರ ಜಾಗದಲ್ಲಿ ಕೂರುತ್ತದೆ. ಆದರೆ ಟೇಪ್ ಹಿಡಿದು ಅಳೆಯೋದು ಬೇಡ.

ಇಷ್ಟೆಲ್ಲ ಮಾಡಿ ಎರಡು ವಾರ ಬಿಟ್ಟು ನೋಡಿದ ಮೇಲೂ ಗೋಡೆ ಸರಿಯಿಲ್ಲ ಅನ್ನಿಸಿದರೆ ಆಗ ಪೇಂಟ್. ಈಗಿನ ಕೆನೆಯ ಬದಲು ನನ್ನ ಸಲಹೆ, ಹಳದಿ ಕಮ್ಮಿಯಿರುವ ಬಿಳಿ, ಅಥವಾ ಒಂಚೂರು ನೀಲಿ ಬೆರೆತ ತಿಳಿ ಬೂದು. ನೀಲಿ ಸೋಫಾ ಪಕ್ಕ ಆ ಬೂದಿಯ ನೀಲಿ ಕಾಣೋದೇ ಇಲ್ಲ, ಶುದ್ಧ ಬೂದಿಯ ಹಾಗೆ ಕೂರುತ್ತದೆ. ಆದರೆ ಕೋಣೆಗೆ ಬಿಸಿಲೇ ಬರುವುದಿಲ್ಲ ಅಂದರೆ ಬೂದಿ ಬೇಡ, ಮಂಕಾಗುತ್ತದೆ. ಬಣ್ಣದ ಕಾರ್ಡಿನ ಬೆರಳುದ್ದದ ಚೌಕ ನೋಡಿ ತೀರ್ಮಾನ ಮಾಡಬೇಡಿ, ಗೋಡೆ ತುಂಬ ಹಚ್ಚಿದಾಗ ಅದೇ ಬಣ್ಣ ಜಾಸ್ತಿ ಜೋರಾಗಿ ಕಾಣುತ್ತದೆ. ಎರಡಡಿ ಅಗಲದ ರಟ್ಟಿಗೆ ಸ್ಯಾಂಪಲ್ ಪೇಂಟ್ ಎರಡು ಕೋಟ್ ಹೊಡೆದು, ಒಣಗಿದ ಮೇಲೆ ಸೋಫಾದ ಬೆನ್ನಿಗೆ ಒರಗಿಸಿ ಒಂದು ದಿನ ಪೂರ್ತಿ ಇಟ್ಟು ನೋಡಿ.

ಕೊನೆಗೆ, ನೀವು ಕೇಳದೇ ಇದ್ದರೂ ಹೇಳಬೇಕಾದ ಮಾತು. ಸೋಫಾ ಕಿಟಕಿ ಪಕ್ಕದಲ್ಲಿದೆಯಾ? ನೇರ ಬಿಸಿಲು ಬಿದ್ದರೆ ಕಡು ಬಣ್ಣ ಮಾಸೋದು ಬೇಗ ಕಣ್ಣಿಗೆ ಬೀಳುತ್ತದೆ, ಅದೂ ಒಂದೇ ಕಡೆ ಮಾಸಿದರೆ ಮತ್ತೆ ಸರಿಮಾಡಲು ಆಗಲ್ಲ. ಬಿಸಿಲು ಬೀಳುವ ಹೊತ್ತಿಗೆ ತೆಳು ಕರ್ಟನ್ ಎಳೆಯಿರಿ, ಕೂರುವ ದಿಂಬುಗಳನ್ನು ತೆಗೆಯಲು ಬರುವಂತಿದ್ದರೆ ತಿಂಗಳಿಗೊಮ್ಮೆ ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಬದಲಿಸಿ ಇಡಿ.