ಕುತ್ತಿಗೆಯೊಳಗಿನ ನಾಲ್ಕು ತೊಗರಿಬೇಳೆ

ಕುಷ್ಟಗಿ ಕಡೆ ಯಾರಿಗಾದರೂ ಕೀಲುನೋವು ಬಂದರೆ ಮೊದಲು ಬೈಸಿಕೊಳ್ಳುವುದು ಬೋರ್‌ವೆಲ್. ಕೊಪ್ಪಳ ಜಿಲ್ಲೆಯ ಎಷ್ಟೋ ಹಳ್ಳಿಗಳ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಇರುವುದು ನಿಜವೇ. ಕಿಡ್ನಿಯಲ್ಲಿ ಕಲ್ಲಾದರೂ ಅದೇ ಮಾತು: 'ನೀರು ಸರಿ ಇಲ್ರಿ, ಬಿಸಿಲು ಬ್ಯಾರೆ.' ಬಾಳೆದಿಂಡಿನ ರಸ ಕುಡಿದು, ಹಾಲು ಬಿಟ್ಟು ಸುಮ್ನಾಗುತ್ತಾರೆ.

ಈಗ ಒಂದು ಮನೆ ಊಹಿಸಿಕೊಳ್ಳಿ. ಅಪ್ಪನಿಗೆ ನಲವತ್ತರೊಳಗೆ ಎರಡು ಸಲ ಕಲ್ಲು. ಮಗಳನ್ನು ಬಳ್ಳಾರಿಗೆ ಕೊಟ್ಟಿದ್ದಾರೆ, ಅಲ್ಲಿ ಬೇರೆ ನೀರು. ಅವಳಿಗೂ 25ಕ್ಕೇ ಕಲ್ಲು. ಊರ ಬೋರ್‌ವೆಲ್ ನೀರನ್ನೇ ಇಪ್ಪತ್ತೈದು ವರ್ಷ ಕುಡಿದ ಅವ್ವ ಮಾತ್ರ ಗಟ್ಟಿಮುಟ್ಟು. ನೀರಿನ ಲೆಕ್ಕ ತಾಳೆಯಾಗುತ್ತಿಲ್ಲ, ಅಲ್ವಾ?

ಇಂಥ ಕಡೆ ಕುತ್ತಿಗೆಯ ಮೇಲೆ ಅನುಮಾನ ಬರಬೇಕು. ಅಲ್ಲಿ ಥೈರಾಯ್ಡ್ ಹಿಂದೆ ಪ್ಯಾರಾಥೈರಾಯ್ಡ್ ಎಂಬ ನಾಲ್ಕು ಗ್ರಂಥಿಗಳಿವೆ, ಒಂದೊಂದೂ ತೊಗರಿಬೇಳೆಯಷ್ಟು. ತಮಾಷೆಯೆಂದರೆ, ಇವು ಮನುಷ್ಯನಿಗಿಂತ ಮೊದಲು ಸಿಕ್ಕಿದ್ದು ಘೇಂಡಾಮೃಗದಲ್ಲಿ. ಲಂಡನ್ನಿನ ಮೃಗಾಲಯದಲ್ಲಿ ಸತ್ತ ಭಾರತದ ಘೇಂಡಾಮೃಗವನ್ನು ಕೊಯ್ದು ನೋಡಿದ ರಿಚರ್ಡ್ ಓವನ್ ಕಣ್ಣಿಗೆ ಬಿದ್ದವು. ಮನುಷ್ಯನಲ್ಲಿ ಇವನ್ನು ಸ್ವೀಡನ್ನಿನ ಐವರ್ ಸ್ಯಾಂಡ್‌ಸ್ಟ್ರೋಮ್ ವಿವರಿಸಿದ್ದು 1880ರಲ್ಲಿ.

ದೇಹದ ಕ್ಯಾಲ್ಸಿಯಂನಲ್ಲಿ ಶೇ. 99ರಷ್ಟು ಮೂಳೆ, ಹಲ್ಲುಗಳಲ್ಲಿದೆ. ರಕ್ತದಲ್ಲಿ ಕಡಿಮೆಯಾದರೆ ಈ ಗ್ರಂಥಿಗಳು ಪಿಟಿಎಚ್ ಎಂಬ ಹಾರ್ಮೋನ್ ಬಿಟ್ಟು ಮೂಳೆಯಿಂದ ತೆಗೆಸುತ್ತವೆ. ಸಾಕಾದಾಗ ಕೈ ಬಿಡುತ್ತವೆ. ಮೆನ್-1 ಎಂಬ ಮನೆತನದ ಕಾಯಿಲೆಯಲ್ಲಿ ನಾಲ್ಕೂ ಗ್ರಂಥಿಗಳು ಬೆಳೆಯುತ್ತವೆ, 'ಸಾಕು' ಅನ್ನುವುದು ಅವಕ್ಕೆ ಕೇಳಿಸುವುದೇ ಇಲ್ಲ. ಬರಗಾಲಕ್ಕೆಂದು ಹಗೇವಿನಲ್ಲಿ ತುಂಬಿಟ್ಟ ಜೋಳವನ್ನು ಸುಗ್ಗಿಯಲ್ಲೂ ತೋಡಿದ ಹಾಗೆ! ತೋಡಿದ ಕ್ಯಾಲ್ಸಿಯಂ ರಕ್ತದಲ್ಲಿ ಹೆಚ್ಚಿ, ಮೂತ್ರಕ್ಕಿಳಿದು ಕಲ್ಲು ಕಟ್ಟುತ್ತದೆ. ಇತ್ತ ಮೂಳೆ ಸವೆಯುತ್ತದೆ, ಅದರಲ್ಲೂ ಮುಂಗೈಯದು. ಎಕ್ಸ್‌ರೇಯಲ್ಲಿ ಫ್ಲೋರೈಡ್ ತಗುಲಿದ ಮೂಳೆ ದಟ್ಟವಾಗಿ ಬೆಳ್ಳಗೆ ಕಂಡರೆ, ಇದು ತೆಳುವಾಗಿ ಮಂಕಾಗಿ ಕಾಣುತ್ತದೆ. ಹಾಲು ಬಿಟ್ಟರೆ ಮೂಳೆಗೆ ಇನ್ನಷ್ಟು ಲುಕ್ಸಾನು.

ಮೆನ್-1ರ ಜೀನ್ 11ನೇ ಕ್ರೋಮೊಸೋಮಿನಲ್ಲಿದೆ, ಪತ್ತೆಯಾಗಿದ್ದು 1997ರಲ್ಲಿ. ತಂದೆ ತಾಯಿಯರಲ್ಲಿ ಒಬ್ಬರಿಗಿದ್ದರೂ ಸಾಕು, ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ನಮ್ಮ ಕಡೆ ಸೋದರಮಾವನಿಗೆ ಕೊಟ್ಟಿದ್ದಕ್ಕೇ ಹೀಗಾಯ್ತು ಅನ್ನುವವರು ಇರುತ್ತಾರೆ. ಇದಕ್ಕೂ ಅದಕ್ಕೂ ಸಂಬಂಧವಿಲ್ಲ. ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ, ಮೇದೋಜೀರಕದಲ್ಲೂ ಗಡ್ಡೆ ಏಳಬಹುದು, ಆದರೆ ಸಾಮಾನ್ಯವಾಗಿ ಮೊದಲು ಸುಳಿವು ಕೊಡುವುದು ಕ್ಯಾಲ್ಸಿಯಮ್ಮೇ.

ಹಿಡಿಯುವುದು ಕಷ್ಟವಲ್ಲ. ರಕ್ತದ ಕ್ಯಾಲ್ಸಿಯಂ 100 ಮಿಲಿಲೀಟರಿಗೆ ಸುಮಾರು 8.5ರಿಂದ 10.5 ಮಿಲಿಗ್ರಾಂ ಇರಬೇಕು. ಅದು ಏರಿದಾಗ ಪಿಟಿಎಚ್ ಇಳಿಯಬೇಕು. ಇಳಿದಿಲ್ಲವೆಂದರೆ ಹೆಚ್ಚಾಗಿ ತಪ್ಪು ಗ್ರಂಥಿಯದೇ. ಚಿಕ್ಕ ವಯಸ್ಸಿನಲ್ಲೇ, ಮನೆಯ ಒಬ್ಬಿಬ್ಬರಿಗೆ ಹೀಗಿದ್ದರೆ ಜೀನ್ ಪರೀಕ್ಷೆಯ ಮಾತು ಬರುತ್ತದೆ.

ಆಪರೇಷನ್ನಿನಲ್ಲಿ ಸಾಮಾನ್ಯವಾಗಿ ಮೂರೂವರೆ ಗ್ರಂಥಿ ತೆಗೆಯುತ್ತಾರೆ. ಆಮೇಲೆ ಕೆಲವರಿಗೆ ತುಟಿ, ಬೆರಳ ತುದಿ ಜುಮ್ಮೆನ್ನುತ್ತವೆ. ವರ್ಷಗಟ್ಟಲೆ ಕಳೆದುಕೊಂಡಿದ್ದನ್ನೆಲ್ಲ ಮೂಳೆಗಳು ಒಮ್ಮೆಲೇ ಎಳೆದುಕೊಳ್ಳತೊಡಗಿ, ರಕ್ತದಲ್ಲಿ ಕ್ಯಾಲ್ಸಿಯಂ ಕುಸಿದಿರುತ್ತದೆ. ಡಾಕ್ಟರುಗಳು ಇದನ್ನು 'ಹಸಿದ ಮೂಳೆ' ಅಂತಲೇ ಕರೆಯುತ್ತಾರೆ. ಹಗೇವು ತುಂಬುವ ತನಕ ಕ್ಯಾಲ್ಸಿಯಂ, ವಿಟಮಿನ್ ಡಿ ಕೊಡುತ್ತಿರುತ್ತಾರೆ.