'ರುದ' ಪದ ನಮ್ಮ ರುಧಿರದಿಂದ ಹೋಯಿತೇ?

ಓದುಗರ ಪ್ರಶ್ನೆ: ಲಿಥುವೇನಿಯನ್, ಪೋಲಿಷ್, ಸ್ಲೋವಾಕ್ ಮೂರರಲ್ಲೂ 'ರುದ' ಅನ್ನುವ ಪದವಿದೆ, ಅರ್ಥ ಮಾತ್ರ ಬೇರೆ ಬೇರೆ. ಇದು ಸಂಸ್ಕೃತದ 'ರುಧಿರ'ದಿಂದ ಹೋದದ್ದು ತಾನೇ?

ಮೊದಲು ಅರ್ಥದ ವಿಷಯ ಮುಗಿಸೋಣ. ಲಿಥುವೇನಿಯನ್‌ನಲ್ಲಿ ರುದ ಅಂದರೆ ಕಂದು ಬಣ್ಣದ್ದು, ಸ್ತ್ರೀಲಿಂಗದಲ್ಲಿ. ಕಂದು ಕಣ್ಣು, ಕಂದು ಕರಡಿ ಎಲ್ಲಕ್ಕೂ ಈ ಪದದ ರೂಪಗಳೇ. ಪೋಲೆಂಡಿನಲ್ಲಿ ಕೆಂಗೂದಲಿನ ಹೆಂಗಸು ರುದ. ಅದಿರಿಗೂ ರುದ ಅಂತಲೇ ಹೆಸರು. ಸ್ಲೋವಾಕ್‌ನಲ್ಲಿ ರುದ ಅಂದರೆ ಅದಿರು. ಅಲ್ಲಿ ಒಂದು ಬೆಟ್ಟಸಾಲಿನ ಹೆಸರೇ ರುದೊಹೊರಿಯೆ, ಅದಿರಿನ ಬೆಟ್ಟಗಳು. ಎಲ್ಲದರ ಬೇರೂ 'ಕೆಂಪು'. ಅದಿರಿಗೆ ಕೆಂಪಿನ ಹೆಸರು ಯಾಕೆ ಅಂತ ಸಂಡೂರಿನ ಕಡೆ ಓಡಾಡಿದವರಿಗೆ ಹೇಳಬೇಕಾಗಿಲ್ಲ.

ಇನ್ನು ಆ ಹಠಮಾರಿ ನಂಬಿಕೆ: ಲಿಥುವೇನಿಯನ್ ಸಂಸ್ಕೃತದಿಂದ ಹುಟ್ಟಿದ್ದು. ಎಷ್ಟು ಸಲ ಉತ್ತರ ಬರೆದರೂ ಮತ್ತೆ ಬರುತ್ತದೆ. ಹುಟ್ಟಿಲ್ಲ. ಸೂನು ಅಲ್ಲಿ ಸೂನುಸ್, ಅಗ್ನಿ ಅಲ್ಲಿ ಉಗ್ನಿಸ್, ನಿಜ. ಆದರೆ ಅಕ್ಕತಂಗಿಯರೂ ಒಬ್ಬರನ್ನೊಬ್ಬರು ಹೋಲುತ್ತಾರೆ ಅಲ್ವಾ? ಸುಮ್ನೆ ಹೋಲಿಕೆ ಪಟ್ಟಿ ಮಾಡಿದರೆ ಸಂಬಂಧ ಯಾವುದು ಅಂತ ತಿಳಿಯುವುದಿಲ್ಲ. ವ್ಯತ್ಯಾಸ ನೋಡಬೇಕು.

ಸಂಸ್ಕೃತದ 'ಪಂಚ' ಲಿಥುವೇನಿಯನ್‌ನಲ್ಲಿ 'ಪೆಂಕಿ'. 'ಚತ್ವಾರಃ' ಅಲ್ಲಿ 'ಕೆತುರಿ'. ಇ, ಎ ಸ್ವರ ಸೇರಿದಾಗ ಕ ಹೋಗಿ ಚ ಆಗುವುದು ಎಷ್ಟೋ ಭಾಷೆಗಳಲ್ಲಿ ಕಾಣುತ್ತದೆ. ಚ ತಿರುಗಿ ಕ ಆಗುವುದು ತೀರಾ ಅಪರೂಪ. ಅಂದರೆ ಇಲ್ಲಿ ಹಳೆಯದು ಲಿಥುವೇನಿಯನ್ನಿನ ಕ. ಸ್ವರವನ್ನೂ ನೋಡಿ. ಗ್ರೀಕ್‌ನಲ್ಲಿ ಐದು 'ಪೆಂತೆ', ಅಲ್ಲೂ ಎ. ಆ ಹಳೆಯ ಎ ಸಂಸ್ಕೃತದಲ್ಲಿ ಅ ಆಗಿಹೋಗಿದೆ. ಸಂಸ್ಕೃತ ಕಳೆದುಕೊಂಡ ಸ್ವರವನ್ನು ಲಿಥುವೇನಿಯನ್ ಸಂಸ್ಕೃತದಿಂದಲೇ ಪಡೆಯುವುದು ಹೇಗೆ? ಎರಡೂ ಬಂದದ್ದು ಇನ್ನೂ ಹಳೆಯ ಒಂದು ಭಾಷೆಯಿಂದ. ರುಧಿರ, ಲೋಹಿತ, ರುದ ಮೂರೂ ಅಲ್ಲಿಂದಲೇ ಬಂದವು. ನಮ್ಮ 'ಲೋಹ' ಕೂಡ ಅದೇ ಬೇರಿನದು; ಮೊದಲು ಅದರ ಅರ್ಥ ಕೆಂಪು ಲೋಹ, ತಾಮ್ರ.

ಯಾರೂ ಕೇಳದಿದ್ದರೂ ಇನ್ನೊಂದು ಹೇಳುತ್ತೇನೆ. ನಮ್ಮ ಕಿವಿ ತಮಿಳಿನಲ್ಲಿ 'ಸೆವಿ', ನಮ್ಮ ಕೆಂಪಿನ 'ಕೆಂ' ಅಲ್ಲಿ 'ಸೆಂ'. ಇಲ್ಲೂ ಕ ಹಳೆಯದು, ಅದನ್ನು ಉಳಿಸಿಕೊಂಡದ್ದು ಕನ್ನಡ. ಹಾಗಂತ ತಮಿಳು ಕನ್ನಡದ ಮಗಳಲ್ಲ. ನಾವು 'ಹಾಲು' ಅನ್ನುವಾಗ ಅವರು ಇವತ್ತಿಗೂ 'ಪಾಲ್' ಅನ್ನುತ್ತಾರೆ, ಮತ್ತು ಹಳಗನ್ನಡದಲ್ಲಿ ನಮ್ಮದೂ 'ಪಾಲ್' ಎಂದೇ ಇತ್ತು.